ಆಗದ ಕರುವಿಗೆ ಇಟ್ಟ ಹೆಸರು

ನಮ್ಮ ಊರಿಗೆ ಬರುವ ಬಸ್ಸು ಹೊಂಗೆ ಮರದ ತಿರುವು ದಾಟಿದ ಕೂಡಲೇ ಮನುಷ್ಯರು ನಡೆಯುವ ವೇಗಕ್ಕೆ ಇಳಿಯುತ್ತದೆ. ಅಲ್ಲಿ ಗುಂಡಿಯೂ ಇಲ್ಲ, ಉಬ್ಬೂ ಇಲ್ಲ. ಹೊರಗಿನಿಂದ ಬಂದವರು ಯಾಕೆಂದು ಕೇಳಿದರೆ ಕಂಡಕ್ಟರು, "ಕರ ಅಡ್ಡ ಬಂದವೆ, ಒಂದ್ಗಳಿಗೆ ಇರಿ" ಅನ್ನುತ್ತಾನೆ. ಅವರು ಕಿಟಕಿಯಿಂದ ಬಗ್ಗಿ ನೋಡುತ್ತಾರೆ. ಹಾಲಿನ ಪಾತ್ರೆ ತೊಳೆದ ನೀರಿನ ಬಣ್ಣದ್ದು ಏನೋ ರಸ್ತೆ ದಾಟಿದಂತೆ ಕಾಣುತ್ತದೆ. ಬಿಸಿಲು ಕಣ್ಣಿಗೆ ಹೊಡೆದಿರಬೇಕು ಎಂದುಕೊಂಡು ಕಣ್ಣುಜ್ಜಿಕೊಳ್ಳುತ್ತಾರೆ. ನಮ್ಮೂರಿನವರು ಮಾತ್ರ ಕೊನೆಯ ಕರು ದಾಟುವ ತನಕ ಸುಮ್ಮನೆ ಕೂತಿರುತ್ತಾರೆ. ಆ ಬಸ್ಸಿನ ಕೊನೆಯ ನಿಲುಗಡೆಗೆ ಸಂಪಿಗೆ ಕಟ್ಟೆ ಎಂದು ಹೆಸರಿತ್ತು. ಈಗ ಯಾರೂ ಹಾಗೆ ಅನ್ನುವುದಿಲ್ಲ, ಕೊನೇ ಸ್ಟಾಪು ಅನ್ನುತ್ತಾರೆ. ನಾನೂ ಬಾಯಲ್ಲಿ ಅನ್ನುವುದಿಲ್ಲ. ಬರೆದರೆ ಪರವಾಗಿಲ್ಲ ಎಂದುಕೊಂಡಿದ್ದೇನೆ.

ತಿರುವಿನ ಪಕ್ಕ ಬಯಲು, ಬಯಲಿನ ಆಚೆ ತಗಡಿನ ಮಾಡಿನ ಉದ್ದನೆಯ ಕಟ್ಟಡವೊಂದಿದೆ. ಬೋರ್ಡಿನಲ್ಲಿ ಜಾನುವಾರು ಭ್ರೂಣ ಕೇಂದ್ರ ಎಂದಿದೆ. ಊರಿನ ಬಾಯಲ್ಲಿ ಅದು ಕರುಮನೆ. ನಾನು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಅಲ್ಲಿಗೆ ಸೇರಿದವಳು, ಕೂದಲು ನರೆಯುವ ತನಕ ಮೈಕ್ರೋಸ್ಕೋಪಿನ ಮುಂದೆ ಕೂತವಳು. ಕೆಲಸ ಬಿಟ್ಟರೂ ಊರು ನನ್ನನ್ನು ಲ್ಯಾಬಕ್ಕ ಎಂದೇ ಕರೆಯುತ್ತದೆ. ಎಷ್ಟು ಸಲ ಹೋರಿಗೆ ಬಿಟ್ಟರೂ, ಇಂಜೆಕ್ಷನ್ ಹಾಕಿಸಿದರೂ ಗಬ್ಬ ನಿಲ್ಲದ ಹಸುಗಳನ್ನು ಅಲ್ಲಿಗೆ ಹೊಡೆದುಕೊಂಡು ಬರುತ್ತಾರೆ. ಡಾಕ್ಟರು ಹಸುವಿನ ಹೊಟ್ಟೆಯಿಂದ ಅಂಡಗಳನ್ನು ಸೂಜಿಯಲ್ಲಿ ಹೀರಿ ತೆಗೆಯುತ್ತಾರೆ. ಹೋರಿಯ ವೀರ್ಯ ಕೊರೆಯುವ ಚಳಿಯ ಕ್ಯಾನಿನಲ್ಲಿ, ಕಡ್ಡಿಯಷ್ಟು ಸಣ್ಣ ಸ್ಟ್ರಾಗಳೊಳಗೆ ಹೆಪ್ಪುಗಟ್ಟಿರುತ್ತದೆ. ಬೆಚ್ಚಗಿನ ನೀರಿನಲ್ಲಿ ಅದ್ದಿದರೆ ಕರಗಿ, ಅದರೊಳಗಿನ ಲಕ್ಷಾಂತರ ಜೀವಗಳು ಮತ್ತೆ ಮಿಸುಕಾಡತೊಡಗುತ್ತವೆ. ಎಲ್ಲವೂ ಅಲ್ಲ. ಬಹಳಷ್ಟು ಚಳಿಯಲ್ಲೇ ಸತ್ತಿರುತ್ತವೆ, ಕೆಲವು ಬಾಲ ಸೊಟ್ಟಗಾಗಿ ನಿಂತಲ್ಲೇ ಸುತ್ತುತ್ತಿರುತ್ತವೆ. ಅಂಡದ ಜೊತೆ ಬಿಡಲು ಯೋಗ್ಯವಾದವನ್ನು ಅವುಗಳ ನಡುವಿನಿಂದ ಆರಿಸಿ ತೆಗೆಯಬೇಕು. ಆ ಆರಿಸುವ ಕೆಲಸ ನನ್ನದಾಗಿತ್ತು. ಆರಿಸಿ ಉಳಿದದ್ದನ್ನು ಸಿಂಕಿಗೆ ಚೆಲ್ಲುವ ಹಾಗಿಲ್ಲ. ಬಟ್ಟಲಿಗೆ ಬಗ್ಗಿಸಿಕೊಂಡು ಹೋಗಿ ಹೊಂಗೆ ಮರದ ಬುಡಕ್ಕೆ ಸುರಿಯಬೇಕು. ಮರುದಿನ ಬೆಳಿಗ್ಗೆ ಬಯಲಿನಲ್ಲಿ ಹೊಸದೊಂದು ಆಗದ ಕರು, ಹುಟ್ಟದೆ ಹೋದದ್ದರ ನೆರಳು, ಇರುತ್ತದೆ.

ಆರಿಸುವ ಬಗೆ ಬದಲಾದ ಹಾಗೆ ಬಯಲಿಗೆ ಬರುವ ಕರುಗಳ ಬಗೆಯೂ ಬದಲಾಗುತ್ತಿತ್ತು. ಮೊದಮೊದಲು ನಾವು ಈಜಿಸುತ್ತಿದ್ದೆವು. ನಳಿಕೆಯ ತಳದಲ್ಲಿ ವೀರ್ಯ ಬಿಟ್ಟು, ಮೇಲೆ ತಿಳಿಯಾದ ದ್ರವ ನಿಲ್ಲಿಸಿ, ಬೆಚ್ಚಗಿಟ್ಟು ಕಾಯುವುದು. ಶಕ್ತಿ ಇದ್ದವು ತಾವಾಗಿ ಈಜಿ ಮೇಲಕ್ಕೆ ಬರುತ್ತವೆ, ಮೇಲಿನದನ್ನಷ್ಟೇ ಹೀರಿಕೊಳ್ಳುವುದು. ತಳದಲ್ಲೇ ಉಳಿದವುಗಳ ಕರುಗಳು ಬಯಲಲ್ಲಿ ಮಲಗಿರುತ್ತಿದ್ದವು, ಕಾಲು ಮಡಚಿ, ಗದ್ದ ನೆಲಕ್ಕೆ ಊರಿ. ಒಂದೂ ತಾನಾಗಿ ಎದ್ದದ್ದಿಲ್ಲ. ಆಮೇಲೆ ತಿರುಗಿಸುವುದು ಬಂತು. ದಟ್ಟ ದ್ರವದ ಪದರಗಳ ಮೇಲೆ ವೀರ್ಯ ಬಿಟ್ಟು ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಗಟ್ಟಿಮುಟ್ಟಾದವು ಪದರ ಭೇದಿಸಿಕೊಂಡು ತಳ ಸೇರುತ್ತವೆ, ಮಿಕ್ಕವು ನಡುವೆ ಸಿಕ್ಕಿಕೊಳ್ಳುತ್ತವೆ. ಆ ಮಿಕ್ಕವುಗಳ ಕರುಗಳು ಗಾಣದೆತ್ತಿನ ಹಾಗೆ ಬಯಲಲ್ಲಿ ಸುತ್ತುತ್ತಲೇ ಇರುತ್ತವೆ. ಗಂಡುಹೆಣ್ಣು ಬೇರೆ ಮಾಡುವ ಯಂತ್ರ ಬಂದ ವರ್ಷ, ಎಲ್ಲರಿಗೂ ಹೆಣ್ಣುಗರುವೇ ಬೇಕಾಗಿದ್ದರಿಂದ, ಬಯಲ ತುಂಬ ಗಂಡುಗರುಗಳು, ಇನ್ನೂ ಮೂಡದ ಕೊಂಬನ್ನು ಗಾಳಿಗೆ ಉಜ್ಜುತ್ತ ನಿಂತವು. ಕೊನೆಗೆ ಕೂದಲೆಳೆಯಂಥ ಕಾಲುವೆ ಕೊರೆದ ಗಾಜಿನ ತುಂಡು ಬಂತು. ಆ ಕಾಲುವೆಯಲ್ಲಿ ದಾರಿ ತಪ್ಪಿದವುಗಳ ಕರುಗಳು ಒಂದರ ಹಿಂದೆ ಒಂದು ಸಾಲಾಗಿ, ಎಲ್ಲಿಗೋ ತಡವಾದವರಂತೆ ನಡೆಯುತ್ತವೆ. ರಸ್ತೆ ದಾಟುವುದು ಅವೇ.

ನಮ್ಮ ಡಾಕ್ಟರು ಪದ್ಮರಾಜಯ್ಯನವರು ಹುಡುಕುತ್ತಿದ್ದದ್ದು ಏನೂ ಉಳಿಯದ ವಿಧಾನವನ್ನು. ಹೊಸದು ಯಾವುದು ಬಂದರೂ ಮರುದಿನ ಹೊತ್ತು ಮೂಡುವ ಮೊದಲೇ ಬಯಲಿಗೆ ಹೋಗಿ ನೋಡುವರು, ತಲೆ ತಗ್ಗಿಸಿಕೊಂಡು ಬರುವರು. ಒಮ್ಮೆ ಕೈ ತೊಳೆಯುತ್ತ ನನಗೆ ಹೇಳಿದರು: "ಲ್ಯಾಬಕ್ಕ, ಆರಿಸೋದು ಅಂದ್ರೇನೇ ಬಿಡೋದು. ಬಿಡದೆ ಆರಿಸೋ ಮಿಷನ್ನು ಯಾವ ದೇಶದಲ್ಲೂ ಮಾಡಿಲ್ಲ."

"ನೀವೇ ಮಾಡಿ ಸಾರ್" ಎಂದೆ.

"ಮಾಡ್ತೀನಿ. ಮಾಡಿದ ದಿನ ನಿಮ್ಮನ್ನ ಮನೆಗೆ ಕಳಿಸ್ಬೇಕಾಗುತ್ತೆ, ಬಟ್ಟಲು ಹೊರೋಕೆ ಕೆಲಸ ಇರಲ್ಲ" ಎಂದು ನಕ್ಕರು. ನಗುವಾಗಲೂ ಕಿಟಕಿಯಾಚೆಯ ಬಯಲಿನ ಕಡೆಯೇ ಅವರ ಕಣ್ಣಿತ್ತು.

ಊರು ಹೊಂದಿಕೊಂಡಿತ್ತು. ಮೆಣಸಿನಕಾಯಿ ಒಣಹಾಕುವ ಹೆಂಗಸರು ಚಾಪೆಗಳ ನಡುವೆ ಒಂದು ದಾರಿ ಬಿಡುತ್ತಾರೆ. ಮಕ್ಕಳು ಆಡುವಾಗ ಚೆಂಡು ಆಗದ ಕರುವಿನ ಮೈಯೊಳಗಿಂದ ಹಾದು ಹೋದರೆ ಆ ಆಟ ಲೆಕ್ಕಕ್ಕಿಲ್ಲ. ಹೋಟೆಲಿನ ಭಟ್ಟರು ಬಯಲಿನ ಅಂಚಿನ ಕಲ್ಲುಬಾನಿಗೆ ದಿನಾ ಹೊಸ ನೀರು ಹಾಕುತ್ತಾರೆ. ಕುಡಿಯದ ಕರುಗಳಿಗೆ ನೀರೇಕೆ ಎಂದು ಒಮ್ಮೆ ಯಾರೋ ಕೇಳಿದರಂತೆ. "ಹಳೇ ನೀರು ನೋಡ್ಕೊಂಡು ನಿಂತಿರೋದು ಬೇಜಾರಲ್ವೇನ್ರಿ" ಎಂದರಂತೆ ಭಟ್ಟರು. ಇಷ್ಟೆಲ್ಲ ಮಾಡುವ ಊರಿನಲ್ಲಿ ಕಟ್ಟುಪಾಡು ಒಂದೇ ಇತ್ತು: ಆಗದ ಕರುವಿಗೆ ಹೆಸರಿಡಬಾರದು. ಹೆಸರೇ ಅದಕ್ಕೆ ಮೇವು. ಹೆಸರು ಸಿಕ್ಕಿದರೆ ಅದು ಬಯಲು ಬಿಟ್ಟು ಕರೆದವರ ಹಿಂದೆಯೇ ಬರುತ್ತದೆ.

ಸಾಕವ್ವ ನನ್ನ ಪಕ್ಕದ ಮನೆಯವಳು. ಗಂಡ ಮುದ್ದಯ್ಯನಿಗೆ ಸಂಪಿಗೆ ಕಟ್ಟೆಯ ಹತ್ತಿರ ಸೈಕಲ್ ರಿಪೇರಿಯ ಅಂಗಡಿ. ಮಾತು ಕಮ್ಮಿ, ಮಕ್ಕಳ ಸೈಕಲ್ಲಿಗೆ ಗಾಳಿ ತುಂಬಿದ ಮೇಲೆ ಗಂಟೆಯನ್ನೂ ಒಮ್ಮೆ ಒರೆಸಿ, ಬಾರಿಸಿ ನೋಡಿ ಕೊಡುವಂಥ ಮನುಷ್ಯ. ಸಾಕವ್ವನಿಗೆ ಮಕ್ಕಳು ನಿಂತಿರಲಿಲ್ಲ. ಮೂರು ಸಲವೂ ಹೊಟ್ಟೆ ಕಾಣುವ ಮೊದಲೇ ಹೋಗಿದ್ದವು. ಹೆಣ್ಣು ಹುಟ್ಟಿದರೆ ಸಂಪಿಗೆ ಎಂದು ಕರೆಯಬೇಕೆಂದು ಇಟ್ಟುಕೊಂಡಿದ್ದ ಹೆಸರು ಅವಳ ಬಾಯಲ್ಲಿ ಹಾಗೇ ಉಳಿದುಬಿಟ್ಟಿತ್ತು. ವಯಸ್ಸು ದಾಟಿದ ಮೇಲೆ ಅದನ್ನು ತನ್ನ ಹಸು ಕೆಂದಿಗೆ ಹುಟ್ಟುವ ಕರುವಿಗೆ ಎತ್ತಿಟ್ಟಳು. ಕೆಂದಿ ಅವಳ ತೌರಿನ ಹಸುವಿನ ಮಗಳು. ಆದರೆ ಕೆಂದಿಗೂ ಗಬ್ಬ ನಿಲ್ಲಲಿಲ್ಲ. "ಯಜಮಾನಿ ಹಂಗೇ ಹಸ" ಎಂದು ತಾನೇ ನಗಾಡಿಕೊಂಡು ಅದನ್ನು ಕರುಮನೆಗೆ ಹೊಡೆದುಕೊಂಡು ಬಂದಳು. ಅದು ನಾನು ಕೆಲಸ ಬಿಡುವ ವರ್ಷ.

ಕೆಂದಿಯ ಅಂಡಗಳಿಗೆ ಹಳೆಯ ಹೋರಿಯೊಂದರ ಸ್ಟ್ರಾ ಕರಗಿಸಿದೆವು. ಅದರಲ್ಲಿ ಜೀವ ಇದ್ದವೇ ಕಡಿಮೆ. ಯಂತ್ರದಲ್ಲಿ ತಿರುಗಿಸಿದರೆ ಇದ್ದವೂ ನಷ್ಟವಾದಾವೆಂದು ಡಾಕ್ಟರು ಈಜಿಸುವ ಹಳೆಯ ವಿಧಾನವನ್ನೇ ಹೇಳಿದರು. ಮೇಲೆ ಬಂದವುಗಳನ್ನು ಅಂಡಗಳ ಜೊತೆ ಬಿಟ್ಟೆ, ತಳದವುಗಳನ್ನು ಹೊಂಗೆ ಮರದ ಬುಡಕ್ಕೆ ಸುರಿದೆ. ಭ್ರೂಣವಾಯಿತು, ವಾರ ಕಳೆದು ಕೆಂದಿಯ ಗರ್ಭಕ್ಕೆ ಸೇರಿಸಿದ್ದೂ ಆಯಿತು. ಆದರೆ ಕೆಂದಿ ಮತ್ತೆ ಬೆದೆಗೆ ಬಂತು. ಒಳಗಿನದು ನಿಂತಿರಲಿಲ್ಲ. ಹೊರಗಿನದು, ಮರದ ಬುಡಕ್ಕೆ ಸುರಿದದ್ದರ ಕರು, ಬಯಲಿನ ಬೇಲಿಯ ಹತ್ತಿರ ಕಾಲು ಮಡಚಿ ಮಲಗಿತ್ತು.

ಸಾಕವ್ವ ಮಧ್ಯಾಹ್ನದ ಊಟ ಮುಗಿಸಿ ಬಯಲಿಗೆ ಹೋಗಿ ಅದರ ಪಕ್ಕ ಕೂರತೊಡಗಿದಳು. ಎಲೆಅಡಿಕೆ ಹಾಕಿಕೊಳ್ಳುತ್ತ, ಸೊಪ್ಪು ಬಿಡಿಸುತ್ತ. ನಾನು ಒಂದೆರಡು ಸಲ ಕರೆದೆ. "ಕೂತ್ಕಂಡ್ರೇನು ಅಕ್ಕ, ತಿಂದ್ಬುಡ್ತದಾ?" ಅಂದಳು. ಆಮೇಲೆ ಕರೆಯಲಿಲ್ಲ. ಬಿಸಿಲು ಏರಿದಾಗ ಅವಳು ತನ್ನ ಸೆರಗನ್ನು ಅದರ ಮೇಲೆ ನೆರಳಾಗಿ ಹಿಡಿಯುವುದು ನನಗೆ ಲ್ಯಾಬಿನ ಕಿಟಕಿಯಿಂದ ಕಾಣುತ್ತಿತ್ತು. ನೆರಳಿಗೆ ನೆರಳು ಹಿಡಿಯುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಒಂದು ದಿನ ಅವಳು ಓಡುತ್ತಲೇ ಬಂದಳು. ಲ್ಯಾಬಿನ ಬಾಗಿಲಲ್ಲಿ ನಿಂತು ಏದುಸಿರಿನಲ್ಲಿ, "ಎದ್ಬುಡ್ತು ಕಣಕ್ಕ!" ಅಂದಳು.

"ಯಾವುದು?"

"ಅದೇ. ನನ್ನ್ ಪಕ್ಕ ಮಲೀಕಂಡಿದ್ದು. ಬಾಯ್ತಪ್ಪಿ ಕರ್ದೆ. ಮುಂಗಾಲೂರಿ ಎದ್ದು ನಿಂತ್ಕತು. ಬನ್ನಿ, ನೋಡ್ ಬನ್ನಿ!"

ಅವಳ ಹಿಂದೆ ಅಂಗಳದಲ್ಲಿ ಅದು ನಿಂತಿತ್ತು. ಈಜಿ ಮೇಲೆ ಬರದವುಗಳಲ್ಲಿ ನಾನು ಎದ್ದದ್ದನ್ನು ಕಂಡ ಒಂದೇ ಒಂದು ಕರು. ಕಾಲು ನಡುಗುತ್ತಿದ್ದವು, ಕಿವಿ ಅಗಲಿಸಿ ಸಾಕವ್ವನನ್ನೇ ನೋಡುತ್ತಿತ್ತು.

"ಏನಂತ ಕರೆದೆ ಸಾಕವ್ವ?" ಎಂದೆ. ಸಂಪಿಗೆ ಎಂದೇ ಇರಬೇಕೆಂದು ಗೊತ್ತಿದ್ದೇ ಕೇಳಿದೆ.

ಅವಳು ಕರುವಿನ ಕಡೆ ತಿರುಗಿದಳು. "ನಮ್ಗಂತೂ ಮನ್ಸರಿಗೆ ಈ ಭಾಗ್ಯ ಇಲ್ಲ ಅಕ್ಕ. ಹೋದವು ಹೋದವು, ಮಖ ಇಲ್ಲ, ಮೂತಿ ಇಲ್ಲ. ಹಸೂಗಾದ್ರೂ ಆಗದ್ದು ಕಾಣ್ತದಲ್ಲ, ಕಣ್ ತುಂಬ" ಅಂದಳು.

ಅದು ಅವಳ ಹಿಂದೆ ಮನೆಗೆ ಹೋಯಿತು. ಮುದ್ದಯ್ಯ ನೋಡಿದ, ಕೊಟ್ಟಿಗೆಯ ಬಾಗಿಲಿಗೆ ಅಡ್ಡವಿದ್ದ ಹಳೆಯ ಟೈರುಗಳನ್ನು ತೆಗೆದು ದಾರಿ ಮಾಡಿದ. ಬೀದಿಯವರೂ ಬೈಯಲಿಲ್ಲ. ಹೂ ಮಾರುವ ಜಬೀನಾಬಿ ಮಾತ್ರ ನನ್ನ ಜಗುಲಿಯಲ್ಲಿ ಕೂತು ಮಾಲೆ ಕಟ್ಟುತ್ತ, "ತಪ್ಪು ಮಾಡಿದ್ಲು ಅಕ್ಕಾ. ತಪ್ಪು ಅಂತ ಹೇಳಾಕೆ ನಂಗೂ ಬಾಯಿ ಬರಲ್ಲ" ಅಂದಳು. ಕೆಂದಿ ಅದನ್ನು ಮೂಸಿತು, ನಾಲಿಗೆ ಚಾಚಿ ಗಾಳಿಯನ್ನು ನೆಕ್ಕಿತು, ನೆಕ್ಕುತ್ತಲೇ ಇತ್ತು. ಆ ರಾತ್ರಿಯಿಂದ ಅವೆರಡೂ ಒಂದೇ ಕಡೆ ಮಲಗಿದವು.

ಡಾಕ್ಟರು ಇನ್ನೊಂದು ಸಲ ಪ್ರಯತ್ನಿಸುತ್ತೇನೆಂದಾಗ ಸಾಕವ್ವನಿಗಿಂತ ಮುಂಚೆ ಮುದ್ದಯ್ಯ ಹೂಂ ಅಂದ. ಆ ಸಲ ಗಾಜಿನ ಕಾಲುವೆಯಲ್ಲಿ ಆರಿಸಿದೆವು. ನಾನು ಮಾಡಿದ ಕೊನೆಯ ಕೆಲಸಗಳಲ್ಲಿ ಅದೂ ಒಂದು. ಭ್ರೂಣ ದುಂಡಗೆ, ತುಂಬಿದ ಕಾಳಿನಂತೆ ಇತ್ತು. ಕೆಂದಿಗೆ ಗಬ್ಬ ನಿಂತಿತು. ಮುದ್ದಯ್ಯ ಅಂಗಡಿಗೆ ಬಂದ ಮಕ್ಕಳಿಗೆಲ್ಲ ಪುಕ್ಕಟೆ ಗಾಳಿ ತುಂಬಿದ. ಕೆಂದಿಯ ಹೊಟ್ಟೆ ಬೆಳೆಯಿತು. ಪಕ್ಕದಲ್ಲಿ ಸಂಪಿಗೆ ಬೆಳೆಯಲಿಲ್ಲ, ಕುಂದಲೂ ಇಲ್ಲ, ಎದ್ದ ದಿನ ಎಷ್ಟಿತ್ತೋ ಅಷ್ಟೇ ಇತ್ತು. ಸಾಕವ್ವ ಬೆಳಿಗ್ಗೆ ಎದ್ದರೆ ಮೊದಲು ಅದರ ಹೆಸರು ಹಿಡಿದು ಕರೆಯುವಳು, ಅದು ಬಾಗಿಲಿಗೆ ಬರುವುದು. ಅವಳ ದನಿಯಲ್ಲಿ ಅಂಥದೊಂದು ಸಂತೋಷ ಇರಬಹುದೆಂದು ಇಷ್ಟು ವರ್ಷ ಪಕ್ಕದ ಮನೆಯಲ್ಲಿದ್ದ ನನಗೆ ತಿಳಿದಿರಲಿಲ್ಲ.

ಕೆಂದಿ ಬೆಳಗಿನ ಹೊತ್ತಿನಲ್ಲಿ ಕರು ಹಾಕಿತು. ಹೆಣ್ಣುಗರು, ತಾಯಿಯ ಹಾಗೇ ಕೆಂಪು, ಹಣೆಯಲ್ಲಿ ಉಗುರಿನಷ್ಟು ಬಿಳಿ. ಮುದ್ದಯ್ಯ ಅದರ ಮೂಗು ಬಾಯಿ ಒರೆಸಿ ಕೆಂದಿಯ ಮುಂದೆ ಎಳೆದು ಹಾಕಿದ. ಕೆಂದಿ ತಿರುಗಿ ನೋಡಿತು. ಒಮ್ಮೆ ಮೂಸಿತು. ಆಮೇಲೆ ಅದನ್ನು ದಾಟಿಕೊಂಡು ಹೋಗಿ ಗೋಡೆಯ ಹತ್ತಿರ ನಿಂತಿದ್ದ ಸಂಪಿಗೆಯ ಮೈ ನೆಕ್ಕತೊಡಗಿತು. ಸಂಪಿಗೆ ಕೆಚ್ಚಲಿಗೆ ಮೂತಿ ಇಟ್ಟಿತು. ಕೆಂದಿ ಸೊರೆ ಬಿಟ್ಟಿತು. ಗಿಣ್ಣುಹಾಲು, ಅರಿಸಿನ ಕಲಸಿದಂಥ ದಪ್ಪ ಹಾಲು, ಸಂಪಿಗೆಯ ಬಾಯೊಳಗಿಂದ ಹಾದು ನೆಲಕ್ಕೆ ಸುರಿಯಿತು. ಮುದ್ದಯ್ಯ ಪಾತ್ರೆ ಹಿಡಿದುಕೊಂಡು ಓಡಿದ. ಆದರೆ ಆಗದ ಕರುವಿಗೆ ಬಿಟ್ಟ ಹಾಲು ಪಾತ್ರೆಗೆ ಬಿದ್ದ ಮೇಲೆ ನೀರು. ಕಾಯಿಸಿದರೆ ಕೆನೆ ಕಟ್ಟದು, ಕುಡಿದರೆ ಹೊಟ್ಟೆ ತುಂಬದು. ಇದು ಊರಿಗೆಲ್ಲ ಗೊತ್ತು. ಕೆಂಪುಗರು ಕೆಚ್ಚಲ ಹತ್ತಿರ ಬಂದರೆ ಕೆಂದಿ ಒದೆಯುತ್ತಿತ್ತು.

ಬೀದಿ ಕೈಕಟ್ಟಿ ಕೂರಲಿಲ್ಲ. ಮೇಲಿನ ಕೇರಿಯಲ್ಲಿ ಆಗಷ್ಟೇ ಈದಿದ್ದ ಹಸುವಿನ ಮನೆಯವರು ಕೇಳುವ ಮೊದಲೇ ಚೊಂಬಿನಲ್ಲಿ ಗಿಣ್ಣುಹಾಲು ಕಳಿಸಿದರು. ಭಟ್ಟರು ಹೋಟೆಲಿನ ಒಲೆಯ ಪಕ್ಕ ಕರುವಿಗೆ ಜಾಗ ಮಾಡಲೇ ಎಂದು ಕೇಳಿದರು. ಯಾರೋ ಕರುವಿನ ಮೈಗೆ ಬೂಸ ಬೆಲ್ಲ ಸವರಿ ನೋಡಿದರು, ಇನ್ನಾರೋ ಉಪ್ಪು ಹಚ್ಚಿದರು, ತಾಯಿ ನೆಕ್ಕಲಿ ಎಂದು. ಕೆಂದಿ ಬೆಲ್ಲವನ್ನೂ ಉಪ್ಪನ್ನೂ ಮುಟ್ಟಲಿಲ್ಲ. ಮುದ್ದಯ್ಯ ಅಂಗಡಿ ಮುಚ್ಚಿದ. ಬೆರಳನ್ನು ಹಾಲಿನಲ್ಲಿ ಅದ್ದಿ ಕರುವಿನ ಬಾಯಿಗಿಟ್ಟು, ಅದು ಚೀಪುವ ತನಕ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದ. ಗ್ರೀಸಿನ ಕಪ್ಪು ಹೋಗಲೆಂದು ಆ ಬೆರಳನ್ನು ಎಷ್ಟು ತಿಕ್ಕಿ ತೊಳೆಯುತ್ತಿದ್ದನೆಂದರೆ ಉಗುರಿನ ಸುತ್ತ ಚರ್ಮ ಬಿರಿದಿತ್ತು.

"ಏನಂತ ಕರೆಯೋದು ಇದನ್ನ?" ಎಂದು ಕೇಳಿದೆ.

"ಅವ್ರವ್ವನ ಹಾಲು ಕುಡೀಲಿ ಅಕ್ಕ. ಆಮೇಲೆ ಹೆಸರಿಡಾನ" ಅಂದ.

ಡಾಕ್ಟರು ಬಂದು ಕರುವಿನ ಬಾಲ ಎತ್ತಿ ನೋಡಿ, ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ಔಷಧಿ ಕೊಟ್ಟರು. ಭೇದಿ ಶುರುವಾಗಿತ್ತು. ಹೊರಗೆ ಬಂದು ನನ್ನ ಜಗುಲಿಯಲ್ಲಿ ಕೂತರು. ಅಲ್ಲಿ ಜಬೀನಾಬಿಯೂ ಇದ್ದಳು, ಸಾಕವ್ವ ಪಕ್ಕದಲ್ಲೇ ತನ್ನ ಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ಬೇರೆ ಹಸುವಿನ ಹಾಲು ಇದರ ಹೊಟ್ಟೇಲಿ ನಿಲ್ತಿಲ್ಲ. ನಾಲ್ಕು ದಿನ ಎಳೆದುಕೊಂಡು ಹೋಗಬಹುದು, ಉಳಿಸೋಕಾಗಲ್ಲ" ಎಂದರು ಡಾಕ್ಟರು. "ತಾಯಿ ಸೇರಿಸ್ಕೋಬೇಕು. ಅದು ಅಲ್ಲಿ ನಿಂತಿರೋ ತನಕ ಸೇರಿಸ್ಕೊಳ್ಳಲ್ಲ." ಅದು ಎಂದು ಹೇಳುವಾಗ ಸಾಕವ್ವನ ಮುಖ ನೋಡಲಿಲ್ಲ.

ಜಬೀನಾಬಿ ಹೂವಿನ ದಾರವನ್ನು ಹಲ್ಲಿನಲ್ಲಿ ಕಡಿದು ಹೇಳಿದಳು: "ಹೆಸರು ತಾನೇ ಅದುಕ್ಕೆ ಮೇವು? ಮೇವು ನಿಲ್ಸಾಣ. ಬೀದಿ ಪೂರ್ತಿ ಯಾರೂ ಆ ಮಾತು ಆಡೋದ್ ಬ್ಯಾಡ. ತಾನೇ ತೆಳ್ಳಗಾಗಿ ಹೋಗ್ತದೆ."

"ನೀನು ಮಾರೋದೇ ಅದನ್ನಲ್ಲೇ" ಎಂದೆ.

"ಹಳದಿ ಹೂವ ಅಂತೀನಿ. ವಾಸ್ನೆ ಬಂದ್ರೆ ಗಿರಾಕಿಗೇ ತಿಳೀತದೆ."

ಎಲ್ಲರೂ ಸಾಕವ್ವನ ಕಡೆ ನೋಡಿದೆವು. ಕೊಟ್ಟಿಗೆಯಿಂದ ಕೆಂಪುಗರು ಕೂಗಿತು, ದನಿ ತೀರ ಸಣ್ಣಗಾಗಿತ್ತು. "ಆಗ್ಲಿ" ಎಂದಳು ಸಾಕವ್ವ. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಒಳಗೆ ಹೋದಳು.

ಆಮೇಲಿನದನ್ನು ನಾನು ಸಾಯುವ ತನಕ ಮರೆಯಲಾರೆ. ಜಬೀನಾಬಿ ಬುಟ್ಟಿ ಹೊತ್ತು, "ಹಳದೀ ಹೂವಾ" ಎಂದು ಕೂಗಿಕೊಂಡು ಹೋದಳು. ಸಂಪಿಗೆ ಕಟ್ಟೆ ಬಂದಾಗ ಕಂಡಕ್ಟರು, "ಕೊನೇ ಸ್ಟಾಪು, ಕೊನೇ ಸ್ಟಾಪು" ಎಂದ. ಆ ಹೆಸರು ಬರೆದಿದ್ದ ಫಲಕಕ್ಕೆ ಯಾರೋ ಗೋಣಿತಾಟು ಕಟ್ಟಿದರು, ಓದಲು ಕಲಿಯುತ್ತಿರುವ ಮಕ್ಕಳು ಗಟ್ಟಿಯಾಗಿ ಓದಿಯಾರೆಂದು. ಶಾಲೆಯ ಮೇಷ್ಟ್ರು ಹೂಗಳ ಪಾಠ ಬಿಟ್ಟು ಹಣ್ಣುಗಳ ಪಾಠಕ್ಕೆ ಹೋದರು. ತುದಿಮನೆಯ ಮುದುಕಿಯ ಹೆಸರೇ ಸಂಪಿಗಮ್ಮ. ಅವಳಿಗೆ ಹೇಗೆ ಹೇಳುವುದೆಂದು ನಾವು ಪೇಚಾಡುತ್ತಿದ್ದರೆ ಅವಳೇ ಕೋಲೂರಿಕೊಂಡು ಬಂದು, "ನನ್ ಹೆಸರ್ನ ಅತ್ಲಾಗೆ ಬಿಸಾಕ್ರವ್ವ. ಕರಿಯೋರೆಲ್ಲ ಮ್ಯಾಲಕ್ಕೋಗಿ ಸ್ಯಾನೆ ಕಾಲ ಆಯ್ತು. ಮುದ್ಕಿ ಅನ್ರಿ, ತಿರುಗ್ ನೋಡ್ತೀನಿ" ಅಂದಳು.

ಸಂಪಿಗೆ ತೆಳುವಾಯಿತು. ಮೊದಲು ಕಿವಿಗಳು, ಆಮೇಲೆ ಬೆನ್ನು. ಅದರ ಮೈಯ ಆಚೆಗೆ ಗೋಡೆಯ ಇಟ್ಟಿಗೆಗಳು ಕಾಣತೊಡಗಿದವು. ಕೆಂದಿ ಅದನ್ನು ನೆಕ್ಕಲು ಹೋಗಿ, ಎಲ್ಲಿದೆಯೆಂದು ತಿಳಿಯದೆ ಕತ್ತೆತ್ತಿ ನಿಲ್ಲುತ್ತಿತ್ತು. ಸಾಕವ್ವ ಕೊಟ್ಟಿಗೆಗೆ ಬೆನ್ನು ಹಾಕಿ ಕೂತು ರಾಗಿ ಕೇರುತ್ತಿದ್ದಳು, ಕೇರಿದ ರಾಗಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಕೇರುತ್ತಿದ್ದಳು. ಅದು ಅವಳ ಬೆನ್ನ ಹಿಂದೆ ಬಂದು ನಿಲ್ಲುವುದು, ಕಾಯುವುದು. ಅವಳು ತುಟಿ ಬಿಗಿ ಹಿಡಿಯುವಳು. ನಾನು ಹೋಗಿ ಪಕ್ಕ ಕೂತರೂ ಮಾತಾಡುತ್ತಿರಲಿಲ್ಲ. ಬಾಯಿ ಬಿಟ್ಟರೆ ಆ ಮಾತೇ ಬಂದೀತೆಂಬ ಭಯ ಇರಬೇಕು.

ಒಂದು ಬೆಳಿಗ್ಗೆ ಮುದ್ದಯ್ಯ ಒದ್ದೆ ಕೈಯಲ್ಲೇ ನನ್ನ ಮನೆಗೆ ಬಂದ. ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನೆಕ್ಬುಡ್ತು ಅಕ್ಕ. ಹಣೆ ಮ್ಯಾಲೆ, ಇಲ್ಲಿ, ಆ ಬಿಳೀದ್ರ ಮ್ಯಾಲೆ. ನಾನು ಕರ ಹಿಡ್ಕಂಡು ಮೊಲೆಗೆ ಬಿಟ್ಟೆ, ಒದೀಲಿಲ್ಲ. ನಾಕ್ ಗುಟುಕು ಕುಡೀತು. ಬಾಯಿಂದ ನೊರೆ ಬಂತು ಅಕ್ಕ, ಗಟ್ಟಿ ನೊರೆ." ನೊರೆ ತೋರಿಸಲು ತನ್ನ ಅಂಗೈ ಮುಂದೆ ಮಾಡಿದ. ನಾನು ಆ ಕೈ ಹಿಡಿದುಕೊಂಡೆ. ಬೀದಿಗೆಲ್ಲ ಸುದ್ದಿ ಹೋಯಿತು. ಜಬೀನಾಬಿ ಒಂದು ಮೊಳ ಹೂವನ್ನು ಕೊಟ್ಟಿಗೆಯ ಬಾಗಿಲಿಗೆ ಸಿಕ್ಕಿಸಿ ಹೋದಳು, ಮಲ್ಲಿಗೆಯದು.

ಅಂದು ಸಂಜೆ ಕರುವಿಗೆ ಎರಡನೆಯ ಸಲ ಹಾಲು ಬಿಡುವಾಗ ನಾನೂ ಹೋದೆ. ಮುದ್ದಯ್ಯ ಕರುವನ್ನು ಕೆಚ್ಚಲಿಗೆ ಹಿಡಿದಿದ್ದ. ಕೆಂದಿ ಅದರ ಬೆನ್ನು ನೆಕ್ಕುತ್ತ ಸೊರೆ ಬಿಡುತ್ತಿತ್ತು. ಕರು ಗುದ್ದಿ ಗುದ್ದಿ ಕುಡಿಯುತ್ತಿತ್ತು, ಬಾಲ ಅಲ್ಲಾಡುತ್ತಿತ್ತು. ಸಾಕವ್ವನೂ ಮೊರ ಕೆಳಗಿಟ್ಟು ತಿರುಗಿ ನೋಡಿದಳು. ನಗು ಬರುವುದರಲ್ಲಿತ್ತು ಅವಳ ಮುಖದಲ್ಲಿ. ಆಗಲೇ ಅವಳ ಕಣ್ಣು ಬಾಗಿಲ ಹತ್ತಿರ ಹೋಯಿತು. ನನ್ನದೂ ಹೋಯಿತು. ಸಂಪಿಗೆ ಅಲ್ಲಿತ್ತು, ಉಸಿರು ತಾಗಿದ ಕನ್ನಡಿಯ ಮೇಲಿನ ಮಬ್ಬಿನಷ್ಟು. ಅದು ಮುಂಗಾಲು ಮಡಚಿತು. ಹಿಂಗಾಲು ಮಡಚಿತು. ಬಯಲಿಗೆ ಮೊದಲು ಬಂದ ದಿನ ಹೇಗಿತ್ತೋ ಹಾಗೇ ಗದ್ದವನ್ನು ಹೊಸ್ತಿಲ ಮೇಲೆ ಊರಿ ಮಲಗಿತು.

"ಸಂಪಿಗೇ" ಎಂದಳು ಸಾಕವ್ವ.

ಕ್ಷೀಣ ದನಿಯಲ್ಲೇ ಅಂದಳು. ಅಷ್ಟು ಸಾಕಾಯಿತು. ಅದು ಮುಂಗಾಲೂರಿ ಎದ್ದು ನಿಂತಿತು, ಮೈಯ ಆಚೆಗೆ ಕಾಣುತ್ತಿದ್ದ ಇಟ್ಟಿಗೆ ಮತ್ತೆ ಮರೆಯಾಯಿತು. ಕೆಂದಿ ಸೊರೆ ಎಳೆದುಕೊಂಡು, ಕೆಂಪುಗರುವನ್ನು ಹಿಂಗಾಲಿನಲ್ಲಿ ಒದ್ದು, ಹಗ್ಗ ಜಗ್ಗಿ ಬಾಗಿಲ ಕಡೆ ತಿರುಗಿತು. ಕರು ಸಗಣಿಯ ಮೇಲೆ ಬಿತ್ತು, ಬಾಯಲ್ಲಿ ನೊರೆ ಹಾಗೇ ಇತ್ತು.

ಮುದ್ದಯ್ಯ ಬೈದಿದ್ದರೆ ಚೆನ್ನಾಗಿತ್ತು. ಅವನು ಕರುವನ್ನು ಎತ್ತಿಕೊಂಡು, ಹೆಗಲ ಮೇಲಿನ ಟವಲಿನಿಂದ ಅದರ ಮೈಯ ಸಗಣಿ ಒರೆಸಿದ. ಒರೆಸುತ್ತಲೇ ಇದ್ದ. ಸಾಕವ್ವ ನನ್ನ ಕಡೆ ತಿರುಗಿ, "ಎರಡ್ನೇ ಸಲ ಮಲಗ್ಸಾಕೆ ನನ್ ಕೈಲಿ ಆಗ್ನಿಲ್ಲ ಅಕ್ಕ" ಅಂದಳು. ಹೊಟ್ಟೆಯಲ್ಲೇ ಹೋದ ಮೂರನ್ನು ಸೇರಿಸಿದರೆ ಮಲಗಿಸುವುದು ಅವಳಿಗೆ ಎರಡನೆಯ ಸಲವಲ್ಲ ಎಂಬುದು ನನಗೆ ಗೊತ್ತಿತ್ತು, ಮುದ್ದಯ್ಯನಿಗೂ ಗೊತ್ತಿತ್ತು. ಅವನು ಟವಲನ್ನು ಮಡಚಿ ಅವಳ ಹತ್ತಿರ ಇಟ್ಟ, ಕಣ್ಣೊರೆಸಿಕೊಳ್ಳಲಿ ಎಂದು, ಸ್ವಚ್ಛವಾಗಿದ್ದ ಮಗ್ಗುಲು ಮೇಲೆ ಬರುವಂತೆ.

ಬೀದಿ ಮತ್ತೆ ಬಾಯಿ ಕಟ್ಟಿತು. ಆದರೆ ಈ ಸಲ ಸಂಪಿಗೆ ತೆಳುವಾಗಲಿಲ್ಲ. ಸಾಕವ್ವ ಅನ್ನದಿದ್ದರೂ ಅವಳೊಳಗೆ ಹೆಸರು ನಿಲ್ಲದೆ ನಡೆಯುತ್ತಿದ್ದಿರಬೇಕು. ಕೆಂಪುಗರು ಬೆರಳು ಚೀಪುವುದನ್ನು ಬಿಟ್ಟಿತು. ಡಾಕ್ಟರು ಗ್ಲೂಕೋಸಿನ ಬಾಟಲಿಯನ್ನು ತಾವೇ ಎತ್ತಿ ಹಿಡಿದುಕೊಂಡು, ಕೈ ಸೋತಾಗ ಕೈ ಬದಲಿಸುತ್ತ ನಿಂತರು. ಮಧ್ಯಾಹ್ನ ಅದು ಮುದ್ದಯ್ಯನ ತೊಡೆಯ ಮೇಲೆ ಸತ್ತಿತು. ಬಾಟಲಿ ಇನ್ನೂ ಅರ್ಧ ಇತ್ತು. ಡಾಕ್ಟರು ಅದನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದರು.

ಹುಟ್ಟಿ ಸತ್ತದ್ದು ಬಯಲಿಗೆ ಬರುವುದಿಲ್ಲ. ಆಗದವಕ್ಕೆ ಮಾತ್ರ ಅಲ್ಲಿ ಜಾಗ. ಆಗಿ ಹೋದದ್ದು ಹೋಯಿತು, ಅಷ್ಟೆ. ಇದು ಮುದ್ದಯ್ಯನಿಗೆ ಗೊತ್ತಿಲ್ಲದ್ದಲ್ಲ. ಆದರೂ ಅವನು ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಬಯಲಿಗೆ ಹೋಗುತ್ತಾನೆ. ಮಲಗಿರುವವುಗಳ ನಡುವೆ, ಸುತ್ತುವವುಗಳ ನಡುವೆ, ಸಾಲಾಗಿ ನಡೆಯುವವುಗಳ ನಡುವೆ, ಹಣೆಯಲ್ಲಿ ಉಗುರಿನಷ್ಟು ಬಿಳಿ ಇರುವುದೊಂದನ್ನು ಹುಡುಕುತ್ತಾನೆ. ಬಸ್ಸು ತಿರುವಿನಲ್ಲಿ ಅವನನ್ನು ಕಂಡರೆ ಡ್ರೈವರು ಹಾರನ್ ಹೊಡೆಯುವುದಿಲ್ಲ. ಕರುಗಳು ದಾಟಿ ಹೋದ ಮೇಲೂ ಸ್ವಲ್ಪ ಬಸ್ಸು ನಿಲ್ಲಿಸಿಕೊಂಡಿರುತ್ತಾನೆ. ಕರುಮನೆಗೆ ಹಸುಗಳು ಬರುತ್ತಲೇ ಇವೆ. ನನ್ನ ಜಾಗಕ್ಕೆ ಬಂದ ಹುಡುಗಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಡೆಯುತ್ತಾಳೆ.

ಊರು ಇವತ್ತಿಗೂ ಆ ಮಾತು ಆಡುವುದಿಲ್ಲ. ಆಡಿದರೆ ಈಗ ಕೆಡುವುದೇನೂ ಉಳಿದಿಲ್ಲ. ಮುದ್ದಯ್ಯನ ಕಿವಿಗೆ ಬೀಳಬಾರದೆಂದು ಅಷ್ಟೆ. ಸಂಪಿಗಮ್ಮ ಮೊನ್ನೆ ತೀರಿಕೊಂಡಾಗ ಮಣ್ಣಿಗೂ ಅವಳನ್ನು ಮುದುಕಿ ಎಂದೇ ಕಳಿಸಿದೆವು. ಸಾಕವ್ವ ಒಬ್ಬಳೇ ಆ ಮಾತು ಆಡುವವಳು. ಸಂಜೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕರೆಯುತ್ತಾಳೆ, ಅದು ಬರುತ್ತದೆ, ಕೆಂದಿ ಸೊರೆ ಬಿಡುತ್ತದೆ, ಹಾಲು ನೆಲಕ್ಕೆ ಬಿದ್ದು ಮೋರಿಗೆ ಹರಿಯುತ್ತದೆ. ಬೀದಿಯಲ್ಲಿ ಹೋಗುವವರು ಆ ಹಾಲನ್ನು ತುಳಿಯದೆ ದಾಟುತ್ತಾರೆ.

ನಿನ್ನೆ ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಸಾಕವ್ವ ಕರೆದದ್ದು ಕೇಳಿಸಿತು. ಗೋಡೆಯಾಚೆ ಕಲ್ಲಿನ ಮೇಲೆ ಮುದ್ದಯ್ಯ ಕೂತಿದ್ದ, ಬಯಲಿನ ಕಡೆ ಮುಖ ಮಾಡಿ. ಅವಳ ದನಿ ನಿಂತ ಮೇಲೆ ಅವನೂ ಎದ್ದ. ಬಾಯಿಯ ಎರಡೂ ಕಡೆ ಕೈ ಅಡ್ಡ ಹಿಡಿದು, ಎದೆ ತುಂಬ ಉಸಿರು ತೆಗೆದುಕೊಂಡ. ಹಾಗೇ ನಿಂತ. ಕರೆಯಲು ಅವನ ಹತ್ತಿರ ಹೆಸರಿರಲಿಲ್ಲ.